ದಿನದ ವಾಚನ ಮೊಬೈಲಿಗೆ ಬಂತು, ಮನೆಯೊಳಗೆ ಬಂತೇ?

ಬೆಳಗಿನ ಬಲಿಪೂಜೆಗೆ ಹೋಗಲಾಗದವರಿಗೂ ಇಂದು ದಿನದ ವಾಚನ ಸಿಗುತ್ತದೆ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ, ಯೂಟ್ಯೂಬಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಹೂವಿನ ಚಿತ್ರದೊಂದಿಗೆ ಅಥವಾ ಧರ್ಮಗುರುಗಳ ಧ್ವನಿಯೊಂದಿಗೆ ಅದು ಬೆಳಗಾಗುವ ಮುನ್ನವೇ ಬಂದು ಕುಳಿತಿರುತ್ತದೆ. 2020ರಲ್ಲಿ ಕೊರೊನಾದಿಂದಾಗಿ ಇಗರ್ಜಿಗಳ ಬಾಗಿಲು ಮುಚ್ಚಿದ್ದಾಗ ಆರಂಭವಾದ ಈ ರೂಢಿ ಬಾಗಿಲು ತೆರೆದ ಮೇಲೂ ನಿಂತಿಲ್ಲ. ದುಬೈಯಲ್ಲಿರುವ ಮಗ, ಮುಂಬಯಿಯಲ್ಲಿರುವ ಮಗಳು, ಊರಿನಲ್ಲಿರುವ ತಾಯಿ ಮೂವರೂ ಒಂದೇ ದಿನ ಒಂದೇ ಶುಭಸಂದೇಶವನ್ನು ಓದುತ್ತಿದ್ದಾರೆ. ಇದು ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಯೋಚಿಸಲೂ ಆಗದಿದ್ದ ಭಾಗ್ಯ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಓದಿದ ವಾಕ್ಯಕ್ಕೆ ಕೈ ಮುಗಿದ ಚಿಹ್ನೆ ಹಾಕಿ ಮುಂದಿನ ಗುಂಪಿಗೆ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತೇ? ಆ ದಿನದ ಕೂಲಿ, ಆ ದಿನದ ಜಗಳ, ಆ ದಿನದ ಫೋನ್ ಕರೆ, ಆ ದಿನದ ವ್ಯಾಪಾರ ಇವುಗಳ ಮೇಲೆ ವಾಚನದ ನೆರಳಾದರೂ ಬಿದ್ದಿದೆಯೇ? ಧರ್ಮಸಭೆ ನಮ್ಮ ಕೈಗೆ ಕೊಟ್ಟಿರುವುದು ಸಮಾಧಾನ ಹೇಳುವ ಒಂದೊಂದು ವಾಕ್ಯವನ್ನಲ್ಲ, ಒಂದು ಕ್ರಮವನ್ನು. ಆ ಕ್ರಮ ಮುರಿದಲ್ಲಿ ವಾಕ್ಯದ ಬಲವೂ ಕುಗ್ಗುತ್ತದೆ.

ಈ ಕ್ರಮ ಬಂದ ಬಗೆ

ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುನ್ನ ಬಲಿಪೂಜೆಯ ವಾಚನಗಳು ಒಂದೇ ವರ್ಷದ ಚಕ್ರದಲ್ಲಿ ಸುತ್ತುತ್ತಿದ್ದವು. ತಪಸ್ಸುಕಾಲವನ್ನು ಬಿಟ್ಟರೆ ವಾರದ ದಿನಗಳಲ್ಲಿ ಹೆಚ್ಚಾಗಿ ಭಾನುವಾರದ ಅಥವಾ ಸಂತರ ಹಬ್ಬದ ವಾಚನಗಳೇ ಮರಳಿ ಬರುತ್ತಿದ್ದವು. ಹಳೆಯ ಒಡಂಬಡಿಕೆಯ ಬಹುಭಾಗ ಸಾಮಾನ್ಯ ವಿಶ್ವಾಸಿಯ ಕಿವಿಗೆ ಬೀಳುತ್ತಲೇ ಇರಲಿಲ್ಲ. 1963ರ ಡಿಸೆಂಬರ್ 4ರಂದು ಪ್ರಕಟವಾದ ಪೂಜಾವಿಧಿಯ ಸಂವಿಧಾನವು ಬೈಬಲಿನ ಭಂಡಾರವನ್ನು ಜನರಿಗೆ ಹೆಚ್ಚು ಧಾರಾಳವಾಗಿ ತೆರೆದಿಡಬೇಕೆಂದು ಆದೇಶಿಸಿತು. ಅದರಂತೆ 1969ರಲ್ಲಿ ಹೊಸ ವಾಚನಕ್ರಮ ಬಂತು.

ಅದರ ಪ್ರಕಾರ ಭಾನುವಾರಗಳಿಗೆ ಮೂರು ವರ್ಷಗಳ ಚಕ್ರ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲದಲ್ಲೂ ಪಾಸ್ಖಕಾಲದಲ್ಲೂ ಬರುತ್ತದೆ. ಸಾಧಾರಣ ಕಾಲದ 34 ವಾರಗಳಲ್ಲಿ ವಾರದ ದಿನಗಳ ಶುಭಸಂದೇಶ ಪ್ರತಿವರ್ಷವೂ ಅದೇ. ಮೊದಲ ವಾಚನ ಮಾತ್ರ ಬೆಸಸಂಖ್ಯೆಯ ವರ್ಷಕ್ಕೆ ಒಂದು, ಸಮಸಂಖ್ಯೆಯ ವರ್ಷಕ್ಕೆ ಇನ್ನೊಂದು. ಹೀಗೆ ದಿನವೂ ಓದುವವನು ಎರಡು-ಮೂರು ವರ್ಷಗಳಲ್ಲಿ ಪವಿತ್ರ ಗ್ರಂಥದ ಮುಖ್ಯ ಭಾಗಗಳನ್ನೆಲ್ಲ ಒಂದು ಸುತ್ತು ಮುಗಿಸುತ್ತಾನೆ. ಪೋಪ್ ಫ್ರಾನ್ಸಿಸರು 2019ರಲ್ಲಿ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಘೋಷಿಸಿದರು. 2020ರ ಜನವರಿ 26ರಂದು ಅದನ್ನು ಮೊದಲ ಬಾರಿಗೆ ಆಚರಿಸಲಾಯಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಈ ವಾಚನವನ್ನು ನಾವು ಆರಿಸಿದ್ದಲ್ಲ. ಧರ್ಮಗುರುಗಳೂ ಆರಿಸಿದ್ದಲ್ಲ. ನಮಗೆ ಬೇಕಾದ ದಿನ ಬೇಕಾದ ವಾಕ್ಯ ಎಂಬ ಅನುಕೂಲ ಇಲ್ಲಿಲ್ಲ. ಬೈಬಲನ್ನು ಕಣ್ಣು ಮುಚ್ಚಿ ತೆರೆದು, ಬೆರಳು ಬಿದ್ದಲ್ಲಿ ಇಂದಿನ ಭವಿಷ್ಯ ಓದುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ದಿನದ ವಾಚನ ಅದಕ್ಕೆ ತೀರಾ ವಿರುದ್ಧವಾದುದು. ನಾವು ಕೇಳಲು ಇಷ್ಟಪಡದ ದಿನವೇ ಕೇಳಬೇಕಾದ ಮಾತು ನಮ್ಮ ಮುಂದೆ ಬಂದು ನಿಲ್ಲುತ್ತದೆ. ವೈದ್ಯರು ಕೊಟ್ಟ ಔಷಧಿಯನ್ನು ಕ್ರಮದಂತೆ ತೆಗೆದುಕೊಳ್ಳುವುದಕ್ಕೂ ಅಂಗಡಿಗೆ ಹೋಗಿ ಸಿಹಿಯಾದ ಗುಳಿಗೆಯನ್ನೇ ಆರಿಸಿ ತರುವುದಕ್ಕೂ ಇರುವ ವ್ಯತ್ಯಾಸ ಇದು.

ನಾಬೋತನ ದ್ರಾಕ್ಷಿತೋಟ: ಸೋಮವಾರ ಮತ್ತು ಮಂಗಳವಾರ

ಒಂದು ಉದಾಹರಣೆ ನೋಡೋಣ. ಸಮಸಂಖ್ಯೆಯ ವರ್ಷಗಳಲ್ಲಿ ಸಾಧಾರಣ ಕಾಲದ 11ನೆಯ ವಾರದ ಸೋಮವಾರ ನಾಬೋತನ ಕಥೆ ಬರುತ್ತದೆ. 2024ರಲ್ಲಿ ಅದು ಜೂನ್ 17ರಂದು ಬಂದಿತ್ತು. ಅರಸ ಅಹಾಬನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕು. ಹಿರಿಯರಿಂದ ಬಂದ ಆಸ್ತಿಯನ್ನು ಕೊಡಲಾರೆನೆಂದು ನಾಬೋತ ಹೇಳುತ್ತಾನೆ. ರಾಣಿ ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರ ಬರೆದು, ಮುದ್ರೆ ಒತ್ತಿ, ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ, ಊರ ಹಿರಿಯರ ಕೈಯಿಂದಲೇ ನಾಬೋತನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಎಲ್ಲವೂ ಕಾಗದಪತ್ರದ ಮೂಲಕ, ನಿಯಮದ ಪ್ರಕಾರವೇ ನಡೆದಂತೆ ಕಾಣುತ್ತದೆ.

ಅದೇ ದಿನದ ಶುಭಸಂದೇಶ ಯಾವುದು? ಕೆಡುಕನಿಗೆ ಪ್ರತಿಯಾಗಿ ಕೆಡುಕು ಮಾಡಬೇಡ, ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತೋರಿಸು ಎಂಬ ಯೇಸುಸ್ವಾಮಿಯ ಬೋಧನೆ. ಸೋಮವಾರದ ವಾಚನವನ್ನಷ್ಟೇ ಕೇಳಿ ಮನೆಗೆ ಹೋದವನಿಗೆ, ಜಾಗ ಕಳೆದುಕೊಂಡವನು ಬಾಯಿ ಮುಚ್ಚಿಕೊಂಡಿರಬೇಕು ಎಂದು ದೇವರೇ ಹೇಳಿದಂತೆ ಕೇಳಿಸಬಹುದು. ಬಲಾಢ್ಯರಿಗೆ ಇದಕ್ಕಿಂತ ಅನುಕೂಲವಾದ ಉಪದೇಶ ಬೇರೆ ಬೇಕೇ?

ಆದರೆ ಮರುದಿನ ಮಂಗಳವಾರ ಕಥೆ ಮುಂದುವರಿಯುತ್ತದೆ. ಅಹಾಬನು ತೋಟವನ್ನು ವಶಪಡಿಸಿಕೊಳ್ಳಲು ಇಳಿದುಹೋದ ಹೊತ್ತಿಗೇ ಪ್ರವಾದಿ ಎಲೀಯ ಎದುರು ಬಂದು ನಿಲ್ಲುತ್ತಾನೆ. ಕೊಲೆ ಮಾಡಿದ್ದಲ್ಲದೆ ಆಸ್ತಿಯನ್ನೂ ತೆಗೆದುಕೊಂಡೆಯಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾನೆ. ಅಂದಿನ ಶುಭಸಂದೇಶ ಶತ್ರುಗಳನ್ನು ಪ್ರೀತಿಸಬೇಕೆಂಬುದು. ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅರ್ಥ ಪೂರ್ಣವಾಗುತ್ತದೆ. ಸೇಡು ಬೇಡ ಎನ್ನುವ ದೇವರು ಅನ್ಯಾಯದ ಮುಂದೆ ಮೌನವಾಗಿರಲು ಹೇಳುವುದಿಲ್ಲ. ಅಹಾಬನನ್ನು ಎದುರಿಸಿದ್ದೂ ಅವನ ಮೇಲಿನ ದ್ವೇಷದಿಂದಲ್ಲ. ಅವನು ಗೋಣಿತಟ್ಟು ಉಟ್ಟು ತಗ್ಗಿಸಿಕೊಂಡಾಗ ದೇವರು ಶಿಕ್ಷೆಯನ್ನು ಮುಂದೂಡುತ್ತಾರೆ.

ನಮ್ಮ ಕರಾವಳಿಯವರಿಗೆ ಈ ಕಥೆ ಹೊರಗಿನದಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಒಕ್ಕಲು ಜಾಗವನ್ನು ತಮ್ಮದಾಗಿಸಿಕೊಂಡವರೂ ನಮ್ಮಲ್ಲಿದ್ದಾರೆ, ಆಗ ಜಾಗ ಕಳೆದುಕೊಂಡವರೂ ಇದ್ದಾರೆ. ಬಜ್ಪೆ-ಪೆರ್ಮುದೆ ಪರಿಸರದಲ್ಲಿ ವಿಶೇಷ ಆರ್ಥಿಕ ವಲಯಕ್ಕೆ ಭೂಸ್ವಾಧೀನ ನಡೆದಾಗ ಪಿತ್ರಾರ್ಜಿತ ಗದ್ದೆ, ತೋಟ ಬಿಟ್ಟುಕೊಟ್ಟ ಕುಟುಂಬಗಳಿವೆ. ನಾಬೋತ ಯಾಕೆ ತೋಟ ಮಾರಲಿಲ್ಲ ಎಂಬುದನ್ನು ಈ ಜನರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಹಾಬನು ಎಲ್ಲಿ ಬೇಕಾದರೂ ಇರಬಹುದು; ಸರಕಾರಿ ಕಚೇರಿಯಲ್ಲಿ, ಕಂಪೆನಿಯಲ್ಲಿ, ಪಕ್ಕದ ಜಾಗದ ಗಡಿಕಲ್ಲನ್ನು ರಾತ್ರಿ ಒಂದಡಿ ಸರಿಸುವ ನಮ್ಮೊಳಗೂ.

ಪತ್ರಿಕೆಯ ಸುದ್ದಿ ಮತ್ತು ದಿನದ ವಾಕ್ಯ

ದಿನದ ವಾಚನವನ್ನು ದಿನದ ಸುದ್ದಿಯ ಪಕ್ಕದಲ್ಲಿಟ್ಟು ಓದುವ ರೀತಿಯನ್ನು ಪೋಪ್ ಫ್ರಾನ್ಸಿಸರು ತೋರಿಸಿಕೊಟ್ಟರು. 2013ರಲ್ಲಿ ಪೋಪರಾದ ಮೇಲೆ ಅವರು ಸಾಂತಾ ಮಾರ್ತಾ ನಿವಾಸದ ಪ್ರಾರ್ಥನಾಲಯದಲ್ಲಿ ಬೆಳಗಿನ ಪೂಜೆಯಲ್ಲಿ ಚಿಕ್ಕ ಪ್ರಬೋಧನೆ ನೀಡುತ್ತಿದ್ದರು. 2013ರ ಮೇ 1, ಕಾರ್ಮಿಕರ ಸಂತ ಜೋಸೆಫರ ದಿನ. ಅದಕ್ಕೆ ಒಂದು ವಾರ ಮುಂಚೆ, ಏಪ್ರಿಲ್ 24ರಂದು, ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ಬಟ್ಟೆ ಹೊಲಿಯುವ 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತಿದ್ದರು. ಆ ಕಾರ್ಮಿಕರ ತಿಂಗಳ ಸಂಬಳ 38 ಯೂರೋ ಎಂಬ ಸುದ್ದಿಯನ್ನು ಪ್ರಸ್ತಾಪಿಸಿ, ಇದು ಗುಲಾಮಗಿರಿ ಎಂದು ಪೋಪರು ಹೇಳಿದರು. ದೇವರು ತನ್ನ ಪ್ರತಿರೂಪದಲ್ಲಿ ಮನುಷ್ಯನನ್ನು ಸೃಷ್ಟಿಸಿದರೆಂಬ ಆದಿಕಾಂಡದ ವಾಚನ ಅಂದು ಢಾಕಾದ ಅವಶೇಷಗಳ ಮೇಲೆ ಬೆಳಕು ಚೆಲ್ಲಿತು. 2018ರ ಮೇ 24ರಂದು, ಕೂಲಿ ತಡೆಹಿಡಿದ ಶ್ರೀಮಂತರ ಬಗ್ಗೆ ಯಾಕೋಬನ ಪತ್ರದ ವಾಚನ ಬಂದಾಗ, ಕೆಲಸಗಾರರ ಶೋಷಣೆ ಘೋರ ಪಾಪವೆಂದು ಅವರು ಮತ್ತೆ ನೆನಪಿಸಿದರು.

ಇದಕ್ಕೂ ಮೊದಲು ಎಲ್ ಸಾಲ್ವದೋರ್ ದೇಶದಲ್ಲಿ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಇದೇ ಕೆಲಸವನ್ನು ಪ್ರಾಣದ ಬೆಲೆ ತೆತ್ತು ಮಾಡಿದರು. ಭಾನುವಾರದ ವಾಚನಗಳನ್ನು ವಿವರಿಸಿದ ನಂತರ ಅವರು ಆ ವಾರದಲ್ಲಿ ಕೊಲೆಯಾದವರ, ಕಾಣೆಯಾದವರ ವಿವರವನ್ನು ಹೇಳುತ್ತಿದ್ದರು. ರೇಡಿಯೋ ಮೂಲಕ ದೇಶವೇ ಅದನ್ನು ಕೇಳುತ್ತಿತ್ತು. 1980ರ ಮಾರ್ಚ್ 23ರಂದು ಸ್ವಂತ ಜನರನ್ನು ಕೊಲ್ಲಬೇಡಿರೆಂದು ಸೈನಿಕರನ್ನು ಕೇಳಿಕೊಂಡರು. ಮರುದಿನ ಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅಂದು ಓದಿದ ಶುಭಸಂದೇಶ, ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳಿನದು. 2018ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ನಮ್ಮಲ್ಲಿ ಯಾರಿಗೂ ಇಂದು ಅಷ್ಟು ದೊಡ್ಡ ಬೆಲೆ ತೆರುವ ಪ್ರಸಂಗ ಬಂದಿಲ್ಲ. ನಮ್ಮ ಪರೀಕ್ಷೆ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಅಂಗಡಿಯಲ್ಲಿ, ತಾಲೂಕು ಕಚೇರಿಯಲ್ಲಿ.

ಕರಾವಳಿಯ ಮನೆಗಳಲ್ಲಿ ಮೂರು ವಾಚನಗಳು

ಮೊದಲನೆಯದು ಸಾಧಾರಣ ಕಾಲದ 5ನೆಯ ವಾರದ ಮಂಗಳವಾರದ ಶುಭಸಂದೇಶ. ತಂದೆತಾಯಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸುತ್ತಾರೆ. ವಾರ್ಷಿಕ ಹಬ್ಬದ ಖರ್ಚಿಗೆ ಧಾರಾಳವಾಗಿ ಕೊಟ್ಟು ಹೆಸರು ಓದಿಸಿಕೊಳ್ಳುವುದು ತಪ್ಪಲ್ಲ. ಆದರೆ ಮನೆಯಲ್ಲಿ ಹೋಂ ನರ್ಸ್ ಒಬ್ಬಳ ಕೈಗೆ ತಾಯಿಯನ್ನು ಒಪ್ಪಿಸಿ, ತಿಂಗಳಿಗೊಮ್ಮೆ ಹಣ ಕಳುಹಿಸಿ, ಮಾತನಾಡಲು ಸಮಯವಿಲ್ಲವೆನ್ನುವ ಮಗನಿಗೆ ಈ ವಾಚನ ಏನು ಹೇಳುತ್ತದೆ? ವಿದೇಶದಲ್ಲಿ ದುಡಿಯುವುದು ಅನಿವಾರ್ಯವೆಂಬುದು ಎಲ್ಲರಿಗೂ ಗೊತ್ತು. ಆದರೆ ದೂರವಿರುವುದು ಬೇರೆ, ದೂರ ಮಾಡುವುದು ಬೇರೆ. ಹೆತ್ತವರ ಪಾಲನೆಗಾಗಿ 2007ರಲ್ಲಿ ದೇಶದಲ್ಲಿ ಕಾನೂನೇ ಬಂದಿದೆ. ಸಹಾಯಕ ಆಯುಕ್ತರ ಮುಂದೆ ಅರ್ಜಿ ಸಲ್ಲಿಸಿ ಜೀವನಾಂಶ ಕೇಳುವ ಅವಕಾಶ ಹಿರಿಯರಿಗಿದೆ. ಅಲ್ಲಿಯವರೆಗೆ ಹೋಗಬೇಕಾದ ಕ್ರೈಸ್ತ ತಾಯಿಯೊಬ್ಬಳಿದ್ದರೂ ಅದು ಇಡೀ ವಾರ್ಡಿಗೆ ತಲೆತಗ್ಗಿಸುವ ಸಂಗತಿ.

ಎರಡನೆಯದು 29ನೆಯ ವಾರದ ಸೋಮವಾರ ಬರುವ ಲೂಕನ ಶುಭಸಂದೇಶ. ಅಣ್ಣನಿಂದ ಪಾಲು ಕೊಡಿಸೆಂದು ಒಬ್ಬನು ಯೇಸುಸ್ವಾಮಿಯನ್ನು ಕೇಳುತ್ತಾನೆ. ಸ್ವಾಮಿ ಪಂಚಾಯಿತಿಕೆಗೆ ಕುಳಿತುಕೊಳ್ಳುವುದಿಲ್ಲ. ದುರಾಶೆಯ ಬಗ್ಗೆ ಎಚ್ಚರಿಸಿ, ಕಣಜ ದೊಡ್ಡದು ಮಾಡಲು ಯೋಚಿಸಿದ ಆ ರಾತ್ರಿಯೇ ಸತ್ತ ಮೂಢ ಧನಿಕನ ಕಥೆ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಪಾಲಿನ ಜಗಳ ಎಷ್ಟು ಸಹೋದರರ ಮಾತು ನಿಲ್ಲಿಸಿದೆ ಎಂಬುದು ಗುರ್ಕಾರರಿಗೂ ಧರ್ಮಗುರುಗಳಿಗೂ ಚೆನ್ನಾಗಿ ಗೊತ್ತಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಆದರೂ ಮದುವೆಗೆ ಚಿನ್ನ ಕೊಟ್ಟಾಗಿದೆ ಎಂದು ಹೇಳಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾವು ಕಂಡಿದ್ದೇವೆ. ಆಕೆ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಮುಖ ಮುರಿದೀತೆಂಬ ಭಯದಿಂದ ಸಹಿ ಹಾಕಿದರೆ ಅದು ನಾಬೋತನ ತೋಟವೇ. ತಪಸ್ಸುಕಾಲದ ಮೊದಲ ವಾರದ ಶುಕ್ರವಾರ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಹೇಳುವ ವಾಚನ ಬರುತ್ತದೆ. ಆ ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಅಣ್ಣ ಒಂದು ಸಾಲಿನಲ್ಲಿ, ತಮ್ಮ ಇನ್ನೊಂದು ಸಾಲಿನಲ್ಲಿ ಮುಖ ತಿರುಗಿಸಿ ನಿಂತಿದ್ದರೆ ನಾವು ಕೇಳಿದ್ದೇನು?

ಮೂರನೆಯದು ತಪಸ್ಸುಕಾಲದ ಮೊದಲ ಸೋಮವಾರದ ಯಾಜಕಕಾಂಡದ ವಾಚನ. ಕದಿಯಬಾರದು, ಸುಳ್ಳು ಹೇಳಬಾರದು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ಕಿವುಡನನ್ನು ಶಪಿಸಬಾರದು, ಕುರುಡನ ದಾರಿಗೆ ಅಡ್ಡಿ ಇಡಬಾರದು, ಚಾಡಿ ಹೇಳಿಕೊಂಡು ತಿರುಗಬಾರದು, ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳಬಾರದು. ಪಾಪನಿವೇದನೆಗೆ ಸಿದ್ಧರಾಗಲು ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗದು. ಅಂದಿನ ಶುಭಸಂದೇಶ ಮತ್ತಾಯನ 25ನೆಯ ಅಧ್ಯಾಯದ ಅಂತಿಮ ತೀರ್ಪಿನದು: ಹಸಿದವನಿಗೆ ಊಟ, ಪರದೇಶಿಗೆ ಆಸರೆ. ಇಂದು ನಮ್ಮ ಮನೆ ಕಟ್ಟುವವರು, ತೋಟದಲ್ಲಿ ದುಡಿಯುವವರು, ಮಂಗಳೂರು ದಕ್ಕೆಯಲ್ಲೂ ಮಲ್ಪೆಯಲ್ಲೂ ಬೋಟಿಗೆ ಹೋಗುವವರು ಬಹಳ ಮಂದಿ ಹೊರಗಿನಿಂದ ಬಂದವರೇ. ಉತ್ತರ ಕರ್ನಾಟಕದವರು, ಒಡಿಶಾದವರು, ಆಂಧ್ರದವರು, ಜಾರ್ಖಂಡಿನವರು. ಅವರ ಬಟವಾಡೆ ಶನಿವಾರ ಸರಿಯಾಗಿ ಆಗುತ್ತದೆಯೇ? ಜ್ವರ ಬಂದ ದಿನ ಔಷಧಿಗೆ ಯಾರು ಕರೆದೊಯ್ಯುತ್ತಾರೆ? ನಮ್ಮ ಅಣ್ಣತಮ್ಮಂದಿರು ಗಲ್ಫಿನಲ್ಲಿ ಪರದೇಶಿಗಳಾಗಿ ಬದುಕುತ್ತಿರುವಾಗ ಇಲ್ಲಿರುವ ಪರದೇಶಿಯನ್ನು ನಾವು ಮೊದಲು ಅರ್ಥಮಾಡಿಕೊಳ್ಳಬೇಕಿತ್ತು.

ಇನ್ನು ಚಾಡಿ. ವಾಚನ ಬಂದ ಮೊಬೈಲಿನಲ್ಲೇ ಹತ್ತು ನಿಮಿಷದೊಳಗೆ ಯಾರದೋ ಮಗಳ ಬಗ್ಗೆ, ಯಾವುದೋ ಧರ್ಮಗುರುಗಳ ಬಗ್ಗೆ, ಇನ್ನೊಂದು ಧರ್ಮದವರ ಬಗ್ಗೆ ಸತ್ಯವೋ ಸುಳ್ಳೋ ತಿಳಿಯದ ಸಂದೇಶವೂ ಬರುತ್ತದೆ. ವಾಚನವನ್ನು ಕಳುಹಿಸಿದ ಬೆರಳೇ ಅದನ್ನೂ ಕಳುಹಿಸುತ್ತದೆ. ಕೋಮು ಸಾಮರಸ್ಯ ಪದೇ ಪದೇ ಕದಡುವ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ಪಾಪವಲ್ಲ.

ಎರಡು ಎಚ್ಚರಿಕೆಗಳು

ವಾಚನವನ್ನು ಬದುಕಿಗೆ ಅನ್ವಯಿಸುವಾಗ ಎರಡು ಅಪಾಯಗಳಿವೆ. ಒಂದು, ಪಕ್ಕದವನಿಗೆ ಅನ್ವಯಿಸುವುದು. ಇಂದಿನ ವಾಚನ ಅವನಿಗೆ ಸರಿಯಾಗಿ ತಾಗಿತು ಎಂದು ಪೂಜೆ ಮುಗಿಸಿ ಹೊರಬರುವಾಗ ಹೇಳುವುದನ್ನು ಕೇಳಿದ್ದೇವೆ. ವಾಕ್ಯ ಮೊದಲು ತಾಗಬೇಕಾದುದು ಓದಿದವನಿಗೆ. ಎಲೀಯನೂ ಅಹಾಬನ ಬಳಿಗೆ ದೇವರು ಕಳುಹಿಸಿದ್ದರಿಂದ ಹೋದನೇ ಹೊರತು ತನ್ನ ಹಳೆಯ ಲೆಕ್ಕ ತೀರಿಸಲಿಕ್ಕಲ್ಲ.

ಇನ್ನೊಂದು, ಪ್ರವಚನ ಪೀಠವನ್ನು ಪಕ್ಷದ ಅಥವಾ ವೈಯಕ್ತಿಕ ವೇದಿಕೆಯಾಗಿಸುವುದು. ವಾಚನ ಹೇಳಿದ್ದನ್ನು ಹೇಳಬೇಕೇ ಹೊರತು ನಮಗೆ ಹೇಳಬೇಕೆನಿಸಿದ್ದಕ್ಕೆ ವಾಚನವನ್ನು ಎಳೆದು ತರಬಾರದು. ಪ್ರಬೋಧನೆ ಎಂಟು ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸರು 2024ರ ಜೂನ್ 12ರಂದು ಹೇಳಿದ್ದರು. ಎಂಟು ನಿಮಿಷದಲ್ಲಿ ಹೇಳಬೇಕಾದರೆ ಅದಕ್ಕೆ ಹೆಚ್ಚು ಸಿದ್ಧತೆ ಬೇಕು. ವಾಚಕರಿಗೂ ಇದೇ ಮಾತು ಅನ್ವಯಿಸುತ್ತದೆ. ಪೂಜೆ ಆರಂಭವಾಗುವಾಗ ಪುಟ ಹುಡುಕುವ ವಾಚಕನಿಂದ ಜನರು ನಾಬೋತನ ಹೆಸರನ್ನೂ ಸರಿಯಾಗಿ ಕೇಳಿಸಿಕೊಳ್ಳಲಾರರು.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಹೊಸ ಯೋಜನೆಯಾಗಲಿ ಹೊಸ ಸಮಿತಿಯಾಗಲಿ ಬೇಕಾಗಿಲ್ಲ. ಕಿರು ಕ್ರೈಸ್ತ ಸಮುದಾಯಗಳಲ್ಲಿ ಶುಭಸಂದೇಶ ಹಂಚಿಕೊಳ್ಳಲು ಏಳು ಹೆಜ್ಜೆಗಳ ಕ್ರಮವಿದೆ. ಪ್ರಭುವನ್ನು ಆಹ್ವಾನಿಸುವುದು, ಓದುವುದು, ಪದಗಳ ಮೇಲೆ ತಂಗುವುದು, ಮೌನ, ಹಂಚಿಕೊಳ್ಳುವುದು ಇವೆಲ್ಲ ಮುಗಿದ ಮೇಲೆ ಆರನೆಯ ಹೆಜ್ಜೆ ಬರುತ್ತದೆ: ಈ ವಾಕ್ಯದ ಬೆಳಕಿನಲ್ಲಿ ನಮ್ಮ ವಾರ್ಡಿನಲ್ಲಿ ಮಾಡಬೇಕಾದ ಕೆಲಸ ಯಾವುದು ಎಂದು ನಿರ್ಧರಿಸುವುದು. ಗಡಿಯಾರ ನೋಡಿ ಬೇಗ ಮುಗಿಸುವಾಗ ಮೊದಲು ಬಿಟ್ಟುಹೋಗುವುದು ಈ ಹೆಜ್ಜೆಯೇ. ಅದನ್ನು ಬಿಟ್ಟರೆ ಸಭೆಯಲ್ಲಿ ಉಳಿಯುವುದು ಓದು ಮತ್ತು ಚಹಾ ಮಾತ್ರ. ಕೆಲಸ ದೊಡ್ಡದಿರಬೇಕಾಗಿಲ್ಲ. ಒಂಟಿಯಾಗಿರುವ ಹಿರಿಯರೊಬ್ಬರ ಮನೆಗೆ ಈ ವಾರ ಇಬ್ಬರು ಹೋಗಿಬರಲಿ. ಮುಂದಿನ ಸಭೆಯಲ್ಲಿ ಹೋದೆವೋ ಇಲ್ಲವೋ ಎಂದು ಗುರ್ಕಾರರು ಕೇಳಲಿ. ಅಷ್ಟು ಸಾಕು.

ಮನೆಯಲ್ಲಿ ಸಂಜೆಯ ಜಪಸರದ ನಂತರ ಮರುದಿನದ ಶುಭಸಂದೇಶವನ್ನು ಮಕ್ಕಳಲ್ಲಿ ಒಬ್ಬರು ಗಟ್ಟಿಯಾಗಿ ಓದಬಹುದು. ಮೂರು ನಿಮಿಷದ ಕೆಲಸ. ಬೆಳಿಗ್ಗೆ ಮೊಬೈಲಿನಲ್ಲಿ ಅದೇ ವಾಚನ ಬಂದಾಗ ಅದು ಪರಿಚಿತವಾಗಿರುತ್ತದೆ. ದಿನದ ಕೆಲಸದ ನಡುವೆ ನೆನಪಿಗೂ ಬರುತ್ತದೆ. ರಾತ್ರಿ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇಂದಿನ ವಾಕ್ಯದಿಂದಾಗಿ ನಾನು ಮಾಡಿದ, ಅಥವಾ ಮಾಡದೆ ಬಿಟ್ಟ, ಒಂದು ಕೆಲಸ ಯಾವುದು? ಉತ್ತರ ಕೆಲವು ದಿನ ಸಿಗದಿರಬಹುದು. ಕೇಳುವುದನ್ನು ಮಾತ್ರ ನಿಲ್ಲಿಸಬಾರದು.

ಪೋಪ್ ಫ್ರಾನ್ಸಿಸರು 2025ರ ಏಪ್ರಿಲ್ 21ರಂದು ನಮ್ಮನ್ನು ಅಗಲಿದರು. ಅವರ ನಂತರ ಬಂದ ಪೋಪ್ 14ನೆಯ ಲಿಯೋ ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ಬಡವರ ಮೇಲಿನ ಪ್ರೀತಿಯ ಕುರಿತು ತಮ್ಮ ಮೊದಲ ಪ್ರಬೋಧನಾ ಪತ್ರವನ್ನು ಪ್ರಕಟಿಸಿದರು. ಪೋಪರು ಬದಲಾಗುತ್ತಾರೆ, ಬಿಷಪರು ಬದಲಾಗುತ್ತಾರೆ, ಧರ್ಮಗುರುಗಳಿಗೆ ವರ್ಗವಾಗುತ್ತದೆ. ನಾಬೋತನ ಸೋಮವಾರ, ಕೊರ್ಬಾನಿನ ಮಂಗಳವಾರ, ರಾಜಿಯ ಶುಕ್ರವಾರ ಮಾತ್ರ ತಮ್ಮ ಸರದಿಯಲ್ಲಿ ಮರಳಿ ಬರುತ್ತಲೇ ಇರುತ್ತವೆ. ಮುಂದಿನ ಸಲ ಅವು ಬರುವಾಗ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ನಿಂತಿರಲಿ, ಕೆಲಸದವನ ಕೂಲಿ ಶನಿವಾರವೇ ಅವನ ಕೈ ಸೇರಿರಲಿ, ತಾಯಿಗೆ ಮಗನ ಫೋನ್ ಬಂದಿರಲಿ. ಆಗ ವಾಚನ ಮೊಬೈಲಿನಿಂದ ಮನೆಯೊಳಗೆ ಬಂತೆಂದು ಧೈರ್ಯವಾಗಿ ಹೇಳಬಹುದು.